ಮುಂದಿನ ಎರಡು ಚಕ್ರಗಳ ಮೇಲೆ ಮದ್ದೂರಿಗೆ

ನಾನು ಚಿಕ್ಕವಳಿದ್ದಾಗ ಮಳವಳ್ಳಿಯ ನಮ್ಮ ಮನೆಯ ಮುಂದೆ ನಿಲ್ಲುತ್ತಿದ್ದ ಜೀಪಿನ ಹಿಂದಿನ ಎರಡೂ ಚಕ್ರಗಳ ನಟ್ಟನಡುವೆ ಹೊರಗೆ ಉಬ್ಬಿದ ಒಂದೊಂದು ಕಬ್ಬಿಣದ ಗುಬುಟು ಇತ್ತು. ಅದರ ಸುತ್ತ ಆರು ಬೋಲ್ಟುಗಳು. ಬೇಸಿಗೆಯಲ್ಲಿ ಮುಟ್ಟಿದರೆ ಕೈ ಸುಡುತ್ತಿತ್ತು, ಚಳಿಗಾಲದ ಬೆಳಿಗ್ಗೆ ಅದರ ಮೇಲೆ ಇಬ್ಬನಿ ಕೂತಿರುತ್ತಿತ್ತು. ಆ ಗುಬುಟು ನನಗೆ ಇಷ್ಟವಿರಲಿಲ್ಲ. ಅದಿದ್ದದ್ದರಿಂದಲೇ ಜೀಪು ಹಳೆಯದೆಂದು ಎಲ್ಲರಿಗೂ ತಿಳಿಯುತ್ತದೆ ಎಂದು ನಾನು ನಂಬಿದ್ದೆ.

ಅಪ್ಪ ಬಾಡಿಗೆಗೆ ಜೀಪು ಓಡಿಸುತ್ತಿದ್ದರು. ಮಂಡ್ಯದಲ್ಲಿ ಅದನ್ನು ಕೊಂಡ ದಿನ ಮಾರಾಟಕ್ಕೆ ಎರಡು ಜೀಪುಗಳಿದ್ದವು. ಒಂದು ಹೊಸತು, ಹಸಿರು ಬಣ್ಣ ಮಿರಮಿರ ಮಿಂಚುತ್ತಿತ್ತು, ಹಾರ್ನು ಜೋರಾಗಿತ್ತು. ಇನ್ನೊಂದು ಮಿಲಿಟರಿಯವರು ಬಳಸಿ ಬಿಟ್ಟದ್ದು. ನಾನು ಹೊಸತರಲ್ಲಿ ಹತ್ತಿ ಕೂತುಬಿಟ್ಟಿದ್ದೆ. ಅಪ್ಪ ಎರಡರ ಹಿಂದಿನ ಚಕ್ರಗಳನ್ನೂ ಬಗ್ಗಿ ನೋಡಿ, ನನ್ನನ್ನು ಎತ್ತಿ ಕೆಳಗಿಳಿಸಿ, ಹಳೆಯದನ್ನು ತಂದರು.

ಅವರು ನೋಡಿದ್ದೇನೆಂದು ಮೊಮ್ಮಕ್ಕಳಾದ ನಿಮಗೆ ಹೇಳಬೇಕು. ಗಾಡಿಯ ಹಿಂಬದಿಯಲ್ಲಿ, ಚಕ್ರದಿಂದ ಚಕ್ರಕ್ಕೆ ಹೋಗುವ ದಪ್ಪ ಕೊಳವೆಯೊಳಗೆ ಎರಡು ಕಬ್ಬಿಣದ ಸಲಾಕೆಗಳಿರುತ್ತವೆ. ಎಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ಮುಟ್ಟಿಸಿ ತಿರುಗಿಸುವುದು ಅವುಗಳ ಕೆಲಸ. ಹೊಸ ಜೀಪಿನಲ್ಲಿ ಅದೇ ಸಲಾಕೆ ಚಕ್ರವನ್ನು ತಿರುಗಿಸಲೂ ಬೇಕು, ಗಾಡಿಯ ಭಾರವನ್ನು ಹೊರಲೂ ಬೇಕು. ಸೊಂಟದಲ್ಲಿ ತುಂಬಿದ ಬಿಂದಿಗೆ ಇಟ್ಟುಕೊಂಡು ಬಾವಿಯ ಹಗ್ಗವನ್ನೂ ಸೇದಿದ ಹಾಗೆ. ಇದಕ್ಕೆ ಸೆಮಿ ಫ್ಲೋಟಿಂಗ್ ಎನ್ನುತ್ತಾರೆ. ಅದು ಕೆಟ್ಟದ್ದೇನಲ್ಲ, ಹಗುರ, ಖರ್ಚು ಕಡಿಮೆ. ಆದರೆ ಸಲಾಕೆ ಮುರಿದರೆ ಚಕ್ರವೇ ಕಳಚಿ ಹೋಗಬಹುದು. ನಮ್ಮ ಹಳೆಯ ಜೀಪಿನದು ಫುಲ್ ಫ್ಲೋಟಿಂಗ್. ಅದರಲ್ಲಿ ಭಾರ ಹೊರುವುದು ಹೊರಗಿನ ಕೊಳವೆ. ಸಲಾಕೆ ತಿರುಗಿಸುತ್ತದೆ, ಅಷ್ಟೆ. ಆ ಗುಬುಟು ಅದರದೇ ಗುರುತು.

ನಮ್ಮ ಮನೆಯಲ್ಲಿ ಅವ್ವ ಇರಲಿಲ್ಲ. ನಾನು ಹಾಲು ಕುಡಿಯುವ ಕೂಸಾಗಿದ್ದಾಗಲೇ ತೀರಿಕೊಂಡಿದ್ದರು. ನನಗೆ ತಲೆ ಬಾಚಿದವಳು, ಮುದ್ದೆ ಮುರಿದು ನುಂಗಲು ಕಲಿಸಿದವಳು, ಗುಡುಗಿದರೆ ಕಂಬಳಿಯೊಳಗೆ ಎಳೆದುಕೊಂಡವಳು ಅಕ್ಕ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಅಕ್ಕನಿಗೆ ಮೈಸೂರಿನಲ್ಲಿ ನರ್ಸ್ ತರಬೇತಿಗೆ ಸೀಟು ಸಿಕ್ಕಿತು. ಸೇರಲು ಕೊಟ್ಟಿದ್ದ ಕೊನೆಯ ದಿನ ಅಪ್ಪ ಅವಳನ್ನು ಜೀಪಿನಲ್ಲಿ ಮದ್ದೂರಿಗೆ ಕರೆದೊಯ್ದು ಮಧ್ಯಾಹ್ನದ ರೈಲು ಹತ್ತಿಸಬೇಕಿತ್ತು. ಆ ರೈಲು ತಪ್ಪಿದರೆ ಸೀಟು ಬೇರೆ ಹುಡುಗಿಗೆ ಹೋಗುತ್ತಿತ್ತು. ಅಕ್ಕ ಮನೆಯಲ್ಲೇ ಉಳಿಯುತ್ತಿದ್ದಳು. ನನಗೆ ಬೇಕಾಗಿದ್ದದ್ದು ಅದೊಂದೇ.

ನಾನೂ ಅವರ ಜೊತೆ ಜೀಪು ಹತ್ತಿದೆ. ಹಿಂದಿನ ರಾತ್ರಿ ಮಳೆಯಾಗಿತ್ತು. ದಾರಿಯುದ್ದಕ್ಕೂ ಒದ್ದೆ ಮಣ್ಣಿನ ವಾಸನೆ, ಆಲೆಮನೆಗಳ ಕಡೆಯಿಂದ ಬೆಲ್ಲ ಕುದಿಯುವ ವಾಸನೆ. ಅಕ್ಕನ ಟ್ರಂಕು ಹಿಂದೆ ಗಡಗಡ ಅಲ್ಲಾಡುತ್ತಿತ್ತು. ಕೆ.ಎಂ.ದೊಡ್ಡಿ ದಾಟಿದ ಮೇಲೆ ಎದುರಿಗೆ ಕಬ್ಬಿನ ಗಾಡಿ ಬಂತು. ಜಾಗ ಬಿಡಲು ಅಪ್ಪ ಪಕ್ಕಕ್ಕೆ ಇಳಿಸಿದರು. ಹಿಂದಿನ ಚಕ್ರಗಳು ಕೆಸರಿನಲ್ಲಿ ಹೂತುಕೊಂಡವು. ಅಪ್ಪ ಎಂಜಿನ್ ಜೋರು ಮಾಡಿದರು. ಕೆಳಗೆಲ್ಲೋ ಠಣ್ಣೆಂದು ಸದ್ದಾಯಿತು. ಆಮೇಲೆ ಎಂಜಿನ್ ಎಷ್ಟು ಕೂಗಿದರೂ ಜೀಪು ಅಲುಗಲಿಲ್ಲ.

ಅಪ್ಪ ಇಳಿದು ನೋಡಿ, ಬಲಗಡೆಯ ಸಲಾಕೆ ಮುರಿದಿದೆ ಎಂದರು. ಒಂದು ಮುರಿದರೂ ಹಿಂದಿನ ಎರಡೂ ಚಕ್ರಗಳಿಗೆ ಶಕ್ತಿ ಸಿಗುವುದಿಲ್ಲ. ಅಕ್ಕನ ಮುಖ ಬಿಳಿಚಿತು. ನನ್ನ ಎದೆ ಸಂತೋಷದಿಂದ ಹೊಡೆದುಕೊಳ್ಳುತ್ತಿತ್ತು.

"ಇವತ್ತು ಓಗಕಾಗಲ್ಲ ಅಲ್ವಾ ಅಪ್ಪ?" ಎಂದೆ.

"ಯಾಕಾಗಲ್ಲ ಕಣವ್ವ? ಓಯ್ತೀವಿ," ಎಂದು ಅಪ್ಪ ಸೀಟಿನ ಕೆಳಗಿಂದ ಸ್ಪ್ಯಾನರ್ ತೆಗೆದರು.

ಕಬ್ಬಿನ ಗಾಡಿಯವನು ಎತ್ತುಗಳನ್ನು ನಿಲ್ಲಿಸಿ ಹತ್ತಿರ ಬಂದ. "ಏನಣ್ಣೋ, ನಮ್ಮೆತ್ತು ಕಟ್ಲಾ ನಿನ್ ಜೀಪ್ಗೆ?"

"ನಿನ್ನೆತ್ತು ಮದ್ದೂರು ಮುಟ್ಟೋದ್ರೊಳ್ಗೆ ನನ್ ಮಗ್ಳು ನರ್ಸಾಗಿ ರಿಟೈರೂ ಆಗಿರ್ತಾಳೆ. ಸುಮ್ಕಿರು."

"ಅಲ್ಲ, ಸಲಾಕೆ ಕಿತ್ರೆ ಚಕ್ರ ಉದುರೋಗಕಿಲ್ವಾ?"

"ಇದು ಮಿಲಿಟ್ರಿದು ಕಣ್ಲಾ. ಸಲಾಕೆ ಇಲ್ದಿದ್ರೂ ಚಕ್ರ ನಿಂತಿರ್ತದೆ."

ಜಾಕಿ ಕೂಡ ಬೇಕಾಗಲಿಲ್ಲ. ಅಪ್ಪ ಆ ಗುಬುಟಿನ ಆರು ಬೋಲ್ಟು ಬಿಚ್ಚಿ, ಕತ್ತಿಯನ್ನು ಒರೆಯಿಂದ ಎಳೆದ ಹಾಗೆ ಉದ್ದನೆಯ ಸಲಾಕೆಯನ್ನು ಹೊರಗೆಳೆದರು. ಅದರ ತುದಿ ಮುರಿದಿತ್ತು. ಕರಿ ಎಣ್ಣೆ ತೊಟ್ಟಿಕ್ಕಿ ಕಮಟು ವಾಸನೆ ಹರಡಿತು. ಚಕ್ರ ಏನೂ ಆಗಿಲ್ಲವೆಂಬಂತೆ ತನ್ನ ಜಾಗದಲ್ಲಿ ನಿಂತಿತ್ತು. ಅದು ಬಿದ್ದೀತೆಂದು ನಾನು ನೋಡುತ್ತಲೇ ಇದ್ದೆ.

ತೂತಿಗೆ ಕೆಸರು ಹೋಗದಂತೆ ಕಟ್ಟಲು ಅಪ್ಪ ಒಂದು ಬಟ್ಟೆ ಕೇಳಿದರು. ಅಕ್ಕ ಟ್ರಂಕು ತೆರೆದಳು. ಮಡಿಸಿಟ್ಟ ಎರಡು ಸೀರೆಗಳ ಮೇಲೆ ನನಗೆ ಗಿಡ್ಡವಾಗಿದ್ದ ಹಳದಿ ಲಂಗ ಇತ್ತು. ನಾನು ಮನೆಯೆಲ್ಲ ಹುಡುಕಿದರೂ ಸಿಗದಿದ್ದ ಲಂಗ ಅದು.

"ಅದ್ನೇ ಕೊಡವ್ವ, ಅಳೇದು," ಎಂದು ಅಪ್ಪ ಕೈ ಚಾಚಿದರು.

"ಅದು ಬ್ಯಾಡ," ಎಂದಳು ಅಕ್ಕ. ಲಂಗವನ್ನು ಸೀರೆಗಳ ಅಡಿಗೆ ತಳ್ಳಿ, ತನ್ನ ಹೊಸ ಟವಲನ್ನು ಹರಿದು ಕೊಟ್ಟಳು.

ಆ ಜೀಪಿನಲ್ಲಿ ಬೇಕೆಂದಾಗ ಮುಂದಿನ ಚಕ್ರಗಳಿಗೂ ಶಕ್ತಿ ಕೊಡಲು ಬೇರೊಂದು ಗೇರು ಇತ್ತು. ಅಪ್ಪ ಅದನ್ನು ಹಾಕಿದರು. ಗಾಡಿಯವನು ಒಂದು ಮೂಲೆಗೆ ಹೆಗಲು ಕೊಟ್ಟ. ಅಕ್ಕ ಚಪ್ಪಲಿ ಬಿಟ್ಟು, ಸೀರೆ ಎತ್ತಿ ಸಿಕ್ಕಿಸಿ, ಕೆಸರಿನಲ್ಲಿ ನಿಂತು ಇನ್ನೊಂದು ಮೂಲೆಯನ್ನು ತಳ್ಳಿದಳು. ಅವಳ ಕತ್ತಿನ ನರಗಳು ಉಬ್ಬಿದ್ದವು. ಅವಳು ಅಷ್ಟು ಬಲವಾಗಿ ತಳ್ಳಿದ್ದನ್ನು ನೋಡಿದಾಗಲೇ ಅವಳಿಗೆ ಹೋಗಬೇಕೆಂಬ ಆಸೆ ಎಷ್ಟಿದೆಯೆಂದು ನನಗೆ ತಿಳಿದದ್ದು. ಜೀಪು ಮೆಲ್ಲಗೆ ರಸ್ತೆಗೆ ಏರಿತು.

ಮದ್ದೂರಿನವರೆಗೆ ಮುಂದಿನ ಎರಡು ಚಕ್ರಗಳು ನಮ್ಮನ್ನು ಎಳೆದುಕೊಂಡು ಹೋದವು. ಸ್ಟೇಷನ್ನಿನ ನಲ್ಲಿಯಲ್ಲಿ ಅಕ್ಕ ಕಾಲು ತೊಳೆದುಕೊಳ್ಳುವಾಗಲೇ ರೈಲು ಬಂತು. ಕಿಟಕಿಯಿಂದ ಬಗ್ಗಿ ಅವಳು ಹೇಳಿದ್ದು ಇಷ್ಟೇ: "ನೋಡೇ, ಉಪ್ಪು ಜಾಸ್ತಿಯಾದ್ರೂ ಅಪ್ಪ ಬಾಯ್ಬುಡಲ್ಲ, ಸುಮ್ಕೆ ಉಂಡ್ಬುಡ್ತದೆ. ನೀನೇ ರುಚಿ ನೋಡಿ ಬಡ್ಸು." ರೈಲು ಹೊರಟ ಮೇಲೆ ಪ್ಲಾಟ್‌ಫಾರಮ್ಮಿನಲ್ಲಿ ಕಲ್ಲಿದ್ದಲ ಹೊಗೆ ಮತ್ತು ನಾವಿಬ್ಬರು ಉಳಿದೆವು.

ವಾಪಸು ಬರುವಾಗ ಟ್ರಂಕಿನ ಸದ್ದಿರಲಿಲ್ಲ. ಅಪ್ಪ ನಿಧಾನವಾಗಿ ಓಡಿಸುತ್ತಿದ್ದರು. ಕೆಸರಿನಲ್ಲಿ ನಮ್ಮ ಚಕ್ರದ ಗುಂಡಿ ಹಾಗೇ ಇತ್ತು, ಅದರಲ್ಲಿ ನೀರು ತುಂಬಿತ್ತು.

"ಆ ಒಸಾ ಜೀಪು ತಗಂಡಿದ್ರೆ ಇಲ್ಲೇ ಕುಂತಿರ್ಬೇಕಾಗಿತ್ತು," ಎಂದರು ಅಪ್ಪ.

"ಅದ್ನೇ ತಗಬೇಕಾಗಿತ್ತು," ಎಂದೆ ನಾನು. ಬೈಗುಳ ಬರುತ್ತದೆಂದು ಕಾದೆ.

ಅಪ್ಪ ಗುಂಡಿ ತಪ್ಪಿಸಿ ಜೀಪು ದಾಟಿಸಿದರು. ಆಮೇಲೆ ಹೇಳಿದರು: "ಸಲಾಕೆ ಕೀಳೋವಾಗ ನಂಗೂ ಒಂದ್ಸಲ ಅಂಗೇ ಅನ್ನಿಸ್ತು ಕಣವ್ವ."

ಅಕ್ಕ ನರ್ಸಾದಳು. ಊರೂರಿನ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದಳು. ನಮ್ಮ ಮನೆಗೆ ಬರುತ್ತಿದ್ದಳು, ಆದರೆ ಮತ್ತೆಂದೂ ಅಲ್ಲಿ ಇರಲು ಬರಲಿಲ್ಲ.

ಈಗ ಮಂಡ್ಯದ ಗುತ್ತಲಿನ ಈ ಮನೆಯ ಮುಂದೆ ನಿಂತಿರುವ ನಿಮ್ಮ ಕಾರು ಇಲ್ಲಿಂದ ಮೈಸೂರಿಗೆ ಒಂದು ನಿದ್ದೆ ಮುಗಿಯುವಷ್ಟರಲ್ಲಿ ಮುಟ್ಟುತ್ತದೆ. ಅದರ ಕೆಳಗೇನಿದೆಯೆಂದು ನಿಮ್ಮಲ್ಲಿ ಯಾರೂ ಬಗ್ಗಿ ನೋಡಿಲ್ಲ, ನೋಡುವ ಅಗತ್ಯವೂ ಬಿದ್ದಿಲ್ಲ. ನಿಮ್ಮ ಅಕ್ಕನೂ ಮೈಸೂರಿನ ಹಾಸ್ಟೆಲಿನಲ್ಲಿದ್ದಾಳೆ. ಊಟವಾದ ಮೇಲೆ ನೀವು ಫೋನಿನಲ್ಲಿ ಅವಳ ಮುಖ ನೋಡುತ್ತಾ ಚಾರ್ಜರ್ ಯಾರು ಕದ್ದರೆಂದು ಜಗಳವಾಡುವುದು ಪಕ್ಕದ ಕೋಣೆಯಲ್ಲಿರುವ ನನಗೆ ಕೇಳಿಸುತ್ತದೆ. ನಿಮ್ಮಮ್ಮ ಗದರಿಸುತ್ತಾಳೆ. ನಾನು ಗದರಿಸುವುದಿಲ್ಲ. ನನಗೆ ಅಕ್ಕನ ಮೇಲೆ ಕೋಪ ಬಂದರೆ ಜಗಳವಾಡಲು ಗೌರಿ ಹಬ್ಬದವರೆಗೆ ಕಾಯಬೇಕಿತ್ತು. ಅವಳು ಬಂದು ಬಾಗಿಲಲ್ಲಿ ನಿಲ್ಲುವ ಹೊತ್ತಿಗೆ, ಯಾಕೆ ಕೋಪ ಬಂದಿತ್ತೆಂಬುದೇ ಮರೆತುಹೋಗಿರುತ್ತಿತ್ತು.