ಬೆರಿಲ್ ಕ್ರಾಂಪ್ಟನ್ ಗೆದ್ದ ಮೊಕದ್ದಮೆ

ಬೆರಿಲ್ ಕ್ರಾಂಪ್ಟನ್‌ಳ ಬಾಯಿಗೆ ಹೆದರದೆ ಬೆಳೆದ ಮಗು ನಮ್ಮ ಬೀದಿಯಲ್ಲಿ ಒಂದೂ ಇಲ್ಲ. ಶಾಲೆಯ ಮುಂದೆ ಹಳದಿ ಕೋಟು ತೊಟ್ಟು, ತುದಿಯಲ್ಲಿ ದುಂಡು ಹಲಗೆಯಿರುವ ಉದ್ದ ಕೋಲು ಹಿಡಿದು ಮಕ್ಕಳನ್ನು ರಸ್ತೆ ದಾಟಿಸುವುದು ಅವಳ ಕೆಲಸವಾಗಿತ್ತು. ಅವಳು ಕೋಲು ನೆಟ್ಟಳೆಂದರೆ ಲಾರಿಯೂ ತೆಪ್ಪಗೆ ನಿಲ್ಲಬೇಕು. ನಿಲ್ಲಿಸಬಾರದ ಕಡೆ ಯಾರಾದರೂ ಕಾರು ನಿಲ್ಲಿಸಿದರೆ ಅದೇ ಕೋಲಿನಿಂದ ಕಿಟಕಿ ತಟ್ಟಿ, "ನಾಚಿಕೆ ಆಗ್ಬೇಕು ನಿಂಗೆ!" ಎನ್ನುತ್ತಿದ್ದಳು. ಪಾದ್ರಿಗೂ ಅದೇ ಮಾತು, ಪೊಲೀಸನಿಗೂ ಅದೇ. "ಒಂದೇ ನಿಮಿಷ ಕಣೇ" ಎಂದು ನಾನೊಮ್ಮೆ ಗೋಗರೆದಿದ್ದೆ. "ಮಗು ಸಾಯೋಕೆ ಅಷ್ಟು ಸಾಕು ಪಾಮ್, ತೆಗಿ ಗಾಡೀನ" ಎಂದಳು. ತೆಗೆದೆ.

ಅವಳ ಗಂಡ ಅರ್ನಾಲ್ಡ್ ಹತ್ತಿ ಗಿರಣಿಯ ಧೂಳು ಕುಡಿದು ಎದೆ ಕೆಡಿಸಿಕೊಂಡವನು. ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಅಂಗವಿಕಲರಿಗೆ ಕೊಡುವ ನೀಲಿ ಕಾರ್ಡು ಅವನಿಗೆ ಸಿಕ್ಕಿತ್ತು. ಅದನ್ನು ಕಾರಿನ ಮುಂಗಾಜಿನ ಹಿಂದೆ ಇಟ್ಟರೆ ಮಾರುಕಟ್ಟೆಯ ಬಾಗಿಲ ಪಕ್ಕದಲ್ಲೇ ಮೀಸಲು ಜಾಗದಲ್ಲಿ ನಿಲ್ಲಿಸಬಹುದು. ಪ್ರತಿ ಗುರುವಾರ ಇಬ್ಬರೂ ಹೋಗುತ್ತಿದ್ದರು. ಕಾರ್ಡಿಲ್ಲದೆ ಅಲ್ಲಿ ನುಗ್ಗಿದವರಿಗೆ ಬೆರಿಲ್ ಬಿಡಿಸುತ್ತಿದ್ದ ಗ್ರಹಚಾರ ಮಾರುಕಟ್ಟೆಯ ಒಳಗಿನವರೆಗೂ ಕೇಳುತ್ತಿತ್ತು.

ಅರ್ನಾಲ್ಡ್ ಮಾರ್ಚ್ ತಿಂಗಳಲ್ಲಿ ತೀರಿಹೋದ. ಏಪ್ರಿಲ್‌ನ ಒಂದು ಗುರುವಾರ ಬೆರಿಲ್ ಒಬ್ಬಳೇ ಹೋಗಿ, ಅದೇ ಜಾಗದಲ್ಲಿ ನಿಲ್ಲಿಸಿ, ಸತ್ತವನ ಕಾರ್ಡನ್ನು ಗಾಜಿನ ಹಿಂದೆ ಇಟ್ಟಳು. ಬಾಗಿಲು ಹಾಕಿದ ರಭಸಕ್ಕೆ ಕಾರ್ಡು ಜಾರಿ ನೆಲಕ್ಕೆ ಬಿತ್ತು. ಆ ಜಾಗದ ಉಸ್ತುವಾರಿ ಹೊತ್ತ ಖಾಸಗಿ ಕಂಪನಿಯವನು ಫೋಟೋ ಹೊಡೆದುಕೊಂಡು ಹೋದ. ವಾರದೊಳಗೆ ನೂರು ಪೌಂಡಿನ ದಂಡದ ಬಿಲ್ಲು ಬಂತು.

ಕಟ್ಟಿಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಬಿಲ್ಲು ಬಂದಾಗ ನಾನು ಅವಳ ಅಡುಗೆಮನೆಯಲ್ಲೇ ಕೂತಿದ್ದೆ. "ಇದೇನೇ ಇದು?" ಎಂದೆ. "ಕಾರ್ಡು ಜಾರಿ ಬಿದ್ದಿರ್ಬೇಕು" ಎಂದಳು. ಅಷ್ಟೇ ಸಾಕಾಯಿತು. ಆ ಕಂಪನಿಗೆ ದುಡ್ಡು ಕಟ್ಟುವುದೆಂದರೆ ನಮ್ಮ ಬೀದಿಯಲ್ಲಿ ಮಾನ ಕಳೆದುಕೊಂಡ ಹಾಗೆ. ಸಂಜೆಯೊಳಗೆ ಇಡೀ ಬೀದಿ ಬೆರಿಲ್ ಪರ ಸೊಂಟ ಕಟ್ಟಿತ್ತು. ಕಂಪನಿ ಕೋರ್ಟಿಗೆ ಹೋಯಿತು, ನಾವು ಎದುರು ನಿಂತೆವು. ಯಾವ ಗುರುವಾರ, ಅರ್ನಾಲ್ಡ್ ಆಗ ಎಲ್ಲಿದ್ದ ಎಂದು ಒಬ್ಬರೂ ಲೆಕ್ಕ ಹಾಕಲಿಲ್ಲ. ಬೆರಿಲ್ ದಿನೇ ದಿನೇ ಸಣ್ಣಗಾಗುತ್ತಿದ್ದಳು. ಗಂಡನ ಕೊರಗು ಎಂದುಕೊಂಡೆವು.

ವಿಚಾರಣೆಯ ದಿನ ಕೋರ್ಟಿನ ಬೆಂಚಿನ ಮೇಲೆ ಅವಳು ನನ್ನ ಕೈ ಹಿಡಿದು ಹೇಳಿದಳು: "ಪಾಮ್, ಅವತ್ತು ಅರ್ನಾಲ್ಡ್ ಇರ್ಲಿಲ್ಲ."

"ಒಳಗೆ ಅಂಗಡೀಲಿದ್ನಾ?"

"ಮಣ್ಣಲ್ಲಿದ್ದ ಕಣೇ."

"ಅಭ್ಯಾಸಬಲ ಬಿಡು, ಗಾಡಿ ತಾನಾಗೇ ಆ ಕಡೆ ತಿರುಗಿರುತ್ತೆ" ಎಂದೆ.

"ಹಾಗಂತ ನಾನೂ ಹೇಳ್ಕೊಂಡು ನೋಡ್ದೆ. ಸುಳ್ಳು. ಮಳೆ ಬರ್ತಿತ್ತು. ಯಾರಿಗೆ ಗೊತ್ತಾಗುತ್ತೆ ಅಂದ್ಕೊಂಡೆ." ಕೆನ್ನೆ ಕೆಂಪಾಗಿತ್ತು. ಅವಳು ಹಾಗೆ ತಲೆ ತಗ್ಗಿಸಿ ಕೂತದ್ದನ್ನು ನಾನು ಎಂದೂ ನೋಡಿರಲಿಲ್ಲ, ನೋಡಲು ಸಂಕಟವಾಯಿತು.

ಅಷ್ಟರಲ್ಲಿ ಕರೆದರು. ಕೋರ್ಟು ಎಂದರೆ ಒಂದು ಮೇಜು, ಮೇಜಿನ ಆಚೆ ಕನ್ನಡಕದ ನ್ಯಾಯಾಧೀಶೆ, ಅಷ್ಟೇ. ಕಂಪನಿಯ ಎಳೆಯ ವಕೀಲ ನಿಯಮದ ಬೋರ್ಡಿನ ಫೋಟೋ ಕೊಟ್ಟ. ಆಕೆ ಅದನ್ನು ಹತ್ತಿರ ಹಿಡಿದಳು, ದೂರ ಹಿಡಿದಳು. "ಕೈಯಲ್ಲಿ ಹಿಡ್ಕೊಂಡೇ ನಂಗೆ ಓದೋಕಾಗ್ತಿಲ್ಲ, ಕಂಬದ ಮೇಲಿದ್ರೆ ಇವರು ಹೇಗ್ರೀ ಓದ್ಬೇಕು?" ಎಂದಳು. ವಕೀಲ ಟೈ ಸರಿಮಾಡಿಕೊಂಡ. ದಾವೆ ವಜಾ ಆಯಿತು.

ನಾನು ಎದ್ದೆ. ಬೆರಿಲ್ ಏಳಲಿಲ್ಲ. "ಅಮ್ಮಾ, ಒಂದ್ಮಾತು. ಆ ಕಾರ್ಡು ನನ್ನ ಗಂಡಂದು. ಅವರು ಆಗ್ಲೇ ತೀರ್ಕೊಂಡಿದ್ರು."

ನ್ಯಾಯಾಧೀಶೆ ಪೆನ್ನಿನ ಮುಚ್ಚಳ ಹಾಕಿದಳು. "ಅದು ನನ್ನ ಮುಂದಿರೋ ಪ್ರಶ್ನೆ ಅಲ್ಲ, ಮಿಸೆಸ್ ಕ್ರಾಂಪ್ಟನ್. ನಿಮ್ಮ ಯಜಮಾನ್ರ ವಿಷಯ ಕೇಳಿ ಬೇಜಾರಾಯ್ತು. ಹೋಗ್ಬನ್ನಿ."

ಬೈಸಿಕೊಳ್ಳಲು ಹೋದವಳಿಗೆ ಸಂತಾಪ ಸಿಕ್ಕಿತು. ಹೊರಗೆ ಬಂದಾಗ ಅವಳ ಮುಖ ಸೋತವಳ ಹಾಗಿತ್ತು.

ಚರ್ಚಿನ ಸಭಾಂಗಣದಲ್ಲಿ ಬೀದಿಯವರೆಲ್ಲ ಸೇರಿದ್ದರು. ಮಾಂಸ, ಆಲೂಗಡ್ಡೆಯ ದೊಡ್ಡ ಕಡುಬು, ಉಪ್ಪಿನಕಾಯಿ ಹಾಕಿದ ಕೆಂಪು ಕೋಸು, ಹಂಡೆ ತುಂಬ ಚಹಾ. ಬೆರಿಲ್ ಒಳಗೆ ಬಂದದ್ದೇ ಚಪ್ಪಾಳೆ. ಗಾರ್ಡನ್ ಫಿಶ್‌ವಿಕ್ ತನ್ನ ಹೆಂಡತಿ ಥೆಲ್ಮಾಳ ಗಾಲಿಕುರ್ಚಿಯನ್ನು ಮುಂದಕ್ಕೆ ತಳ್ಳಿ, "ಕಳ್ಳ ನನ್ಮಕ್ಳಿಗೆ ಸರಿಯಾಗಿ ಮಾಡ್ದೆ ಬಿಡು!" ಎಂದು ಕೂಗಿದ. ಯಾರೋ ಬೆರಿಲ್ ಕೈಗೆ ಚಹಾದ ಕಪ್ಪು ಕೊಟ್ಟರು.

ಬೆರಿಲ್ ಕಪ್ಪನ್ನು ಹಾಗೇ ಮೇಜಿನ ಮೇಲಿಟ್ಟಳು. "ಚಪ್ಪಾಳೆ ನಿಲ್ಸಿ. ಅರ್ನಾಲ್ಡ್ ಸತ್ತಮೇಲೆ ಅವನ ಕಾರ್ಡಿಟ್ಟು ಅಲ್ಲಿ ನಿಲ್ಸಿದ್ದೆ. ಗೊತ್ತಿದ್ದೇ ನಿಲ್ಸಿದ್ದೆ."

ಚಪ್ಪಾಳೆ ನಿಂತಿತು. ಆಮೇಲೆ ನಮ್ಮವರು ಯಾವಾಗಲೂ ಮಾಡುವುದನ್ನೇ ಮಾಡಿದರು.

"ಅಯ್ಯೋ, ಅದಕ್ಯಾಕಮ್ಮಾ ಇಷ್ಟು!"

"ಎಲ್ರೂ ಮಾಡೋದೇ, ಬಿಡು."

"ಪಾಪ, ದುಃಖದಲ್ಲಿದ್ದೆ ನೀನು. ತಗೋ, ಕಡುಬು ಆರೋಗುತ್ತೆ."

ನಾವು ಇಷ್ಟೇ. ಎದುರಿಗಿರುವವರು ತಪ್ಪು ಒಪ್ಪಿಕೊಂಡರೆ ನಮಗೆ ಮುಜುಗರ; ಒಪ್ಪಿಕೊಳ್ಳುವ ಮೊದಲೇ ಕ್ಷಮಿಸಿ ಬಾಯಿ ಮುಚ್ಚಿಸಿಬಿಡುತ್ತೇವೆ. ಬೆರಿಲ್ ತನ್ನ ತಪ್ಪನ್ನು ಕೈಯಲ್ಲಿ ಹಿಡಿದು ನಿಂತಿದ್ದಳು, ಇಳಿಸಲು ಯಾರೂ ಜಾಗ ಕೊಡಲಿಲ್ಲ.

"ಯಾವ ಗುರುವಾರ ಅದು?" ಎಂದು ಕೇಳಿದವಳು ಥೆಲ್ಮಾ.

"ನಿನ್ನಣ್ಣ ಅಂಗಡಿ ಮುಚ್ಚಿದ ಗುರುವಾರ."

ಥೆಲ್ಮಾಳ ಅಣ್ಣ ಮಾರುಕಟ್ಟೆಯಲ್ಲಿ ಚೀಸ್ ಮಾರುತ್ತಿದ್ದ. ಅವರಪ್ಪನ ಕಾಲದ ಅಂಗಡಿ. ಕೊನೆಯ ದಿನ ಗಿರಾಕಿಗಳೆಲ್ಲ ಹೋಗಿ ಕೈಕುಲುಕಿ ಬಂದಿದ್ದರು.

"ನಾನು ಒಳಗೆ ಹೋಗ್ಲೇ ಇಲ್ಲ" ಎಂದಳು ಥೆಲ್ಮಾ. "ಸುತ್ತಿ ಸುತ್ತಿ ಸಾಕಾಯ್ತು. ಇರೋದೇ ಎರಡು ಮೀಸಲು ಜಾಗ, ಒಂದ್ರಲ್ಲಿ ವ್ಯಾನಿತ್ತು. ಇನ್ನೊಂದ್ರಲ್ಲಿ ನಿನ್ನ ಕಾರು. ನೋಡ್ದೆ ಕಣೇ ಬೆರಿಲ್. ವಾಪಸ್ ಮನೆಗೆ ಹೋದ್ವಿ."

ಗಾರ್ಡನ್, "ಥೆಲ್ಮಾ, ಬೇಡ" ಎಂದ.

"ಸುಮ್ನಿರಿ ನೀವು."

ಬೆರಿಲ್ ಅವಳ ಕಡೆ ತಿರುಗಿದಳು. "ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ನೀನು ಗಂಡನ್ನ ಕಳ್ಕೊಂಡಿದ್ದೆ. ಏನಂತ ಹೇಳ್ಲಿ?" ಥೆಲ್ಮಾ ಕುರ್ಚಿಯ ಗಾಲಿಯನ್ನು ತಾನೇ ತಿರುಗಿಸಿಕೊಂಡು ಅವಳ ಎದುರಿಗೆ ಬಂದಳು. "ಇವತ್ತು ನೀನಾಗೇ ಬಾಯ್ಬಿಟ್ಟಿದೀಯ. ಅದಕ್ಕೆ ಹೇಳ್ತೀನಿ. ನಾಚಿಕೆ ಆಗ್ಬೇಕು ನಿಂಗೆ."

ನನಗೆ ಎಲ್ಲಾದರೂ ಅಡಗಿಕೊಳ್ಳೋಣ ಎನಿಸಿತು.

"ಆಗಿದೆ" ಎಂದಳು ಬೆರಿಲ್. ಥೆಲ್ಮಾಳ ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು. ಥೆಲ್ಮಾ ಎದ್ದು ಹೋಗೆನ್ನಲಿಲ್ಲ, ಕೈಯನ್ನೂ ಹಿಡಿಯಲಿಲ್ಲ. ಬೆರಿಲ್ ಮೇಜಿನ ಮೇಲಿದ್ದ ಕಪ್ಪನ್ನು ಎತ್ತಿಕೊಂಡಳು.

"ಆರೋಗಿದೆ ಅದು" ಎಂದಳು ಥೆಲ್ಮಾ. "ಬೇರೆ ಹಾಕಿಸ್ಕೋ."

"ಬೇಡ," ಎಂದು ಬೆರಿಲ್ ಅದನ್ನೇ ತಳದವರೆಗೂ ಕುಡಿದಳು.