ಒಳಗೋಡೆಯ ಲೋಳೆ

ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷ ನಾನು ಮಾಡಿದ ಕೆಲಸ ಒತ್ತಿ ನೋಡುವುದು. ರಕ್ತನಾಳದ ಒಳಗೋಡೆಯ ಮೇಲೆ ಸಕ್ಕರೆ ಮತ್ತು ಪ್ರೋಟೀನಿನ ಉದ್ದನೆಯ ಎಳೆಗಳು ಹುಲ್ಲಿನ ಹಾಗೆ ನಿಂತಿರುತ್ತವೆ. ಕೂದಲಿಗಿಂತ ಎಷ್ಟೋ ತೆಳುವಾದ ಪದರ ಅದು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಬರಿಗಣ್ಣಿಗೆ ಕಾಣದ ಮಣಿಯೊಂದನ್ನು ಇಳಿಸಿ, ಪದರ ಎಷ್ಟು ಮೆತ್ತಗಿದೆ ಎಂದು ಅಳೆಯುತ್ತಿದ್ದೆ. ಒಮ್ಮೆ ಬಂದ ಅಂಕಿಯನ್ನು ನಂಬುವಂತಿರಲಿಲ್ಲ. ಮತ್ತೆ ಒತ್ತಬೇಕು.

ಸಿದ್ದಾಪುರದ ಅಕ್ಕನ ಮನೆಯಲ್ಲಿ ಎಣ್ಣೆಸ್ನಾನಕ್ಕೆ ಶಾಂಪೂ ಇಲ್ಲ. ದಾಸವಾಳದ ಸೊಪ್ಪನ್ನು ನೀರಲ್ಲಿ ಕಿವುಚಿ ತೆಗೆದ ಲೋಳೆ. ಒಂದು ರಜೆಯಲ್ಲಿ ಅವಳು ಕಿವುಚುತ್ತಿದ್ದಾಗ ಬೋಗುಣಿಯಲ್ಲಿ ಬೆರಳಿಟ್ಟು ತೋರಿಸಿದ್ದೆ. ನಿಧಾನವಾಗಿ ಒತ್ತಿದರೆ ದಾರಿ ಬಿಡುತ್ತದೆ, ಥಟ್ಟನೆ ಹೊಡೆದರೆ ತಡೆಯುತ್ತದೆ. ರಕ್ತನಾಳದ ಪದರವೂ ಹೆಚ್ಚುಕಡಿಮೆ ಹೀಗೇ, ಸಕ್ಕರೆ ಕಾಯಿಲೆಯಲ್ಲಿ ಅದು ಸವೆಯುತ್ತದೆ ಎಂದೆ.

"ನಿನ್ನ ಭಾವಂದು ಸವೆದೇ ಹೋಗಿಕ್ಕು," ಎಂದಳು ಅಕ್ಕ. ಹಿಟ್ಟಿನ ಗಿರಣಿ ನಡೆಸುತ್ತಿದ್ದ ಭಾವನಿಗೆ ಸಕ್ಕರೆ, ಬಿಪಿ ಎರಡೂ ಇದ್ದವು.

ಭಾವ ಜಗಲಿಯಿಂದಲೇ ಕೂಗಿದರು: "ತಲೆ ಮೇಲಿಂದು ಮೊದ್ಲೇ ಹೋತು. ಒಳಗಿಂದೂ ಹೋತಾ ಈಗ?"

ತಿಂಗಳ ಮೇಲೆ ಭಾವನ ಫೋನಿನಿಂದ ವಾಟ್ಸಾಪಿನಲ್ಲಿ ಅಕ್ಕ ಕೇಳಿದಳು: ಅದೇ ಲೋಳೆಯನ್ನು ಮಜ್ಜಿಗೆಗೆ ಹಾಕಿ ದಿನಾ ಬೆಳಿಗ್ಗೆ ಭಾವನಿಗೆ ಕೊಡಬಹುದಾ? ನಾನು ಮಾತಾಡಿ ರೆಕಾರ್ಡ್ ಮಾಡಿ ಕಳಿಸಿದೆ. ಅವಳು ಕೊಡತೊಡಗಿದಳು. ಮೊದಲು ಗುಳಿಗೆ ಅರ್ಧವಾಯಿತು, ಆಮೇಲೆ ನಿಂತಿತು. ಒಂದು ದಿನ ಭಾವ ಗಿರಣಿಯಲ್ಲೇ ಕುಸಿದರು. ಬಲಗೈ, ಬಲಗಾಲು ಹೋದವು.

ಶಿರಸಿಯ ಆಸ್ಪತ್ರೆಯಲ್ಲಿ ಗುಳಿಗೆ ಯಾಕೆ ಬಿಟ್ಟಿರಿ ಎಂದು ಡಾಕ್ಟರು ಕೇಳಿದಾಗ ಉತ್ತರ ಕೊಟ್ಟವನು ನಾನು: "ಬಿಡಬೇಡ ಅಂತ ನಾನು ಹೇಳಿದ್ದೆ." ಅಕ್ಕನ ಅತ್ತೆ ಪಕ್ಕದಲ್ಲೇ ಇದ್ದರು. ಅಂದಿನಿಂದ ಆ ಮನೆಯಲ್ಲಿ ತಪ್ಪು ಅಕ್ಕನದಾಯಿತು. "ಕಲ್ತವ ಬೇಡ ಹೇಳಿರೂ ಇವ್ಳಿಗೆ ಕೇಳಿದ್ದಿಲ್ಲೆ," ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ಅಕ್ಕ ಎದುರಾಡಲಿಲ್ಲ.

ನಾನೀಗ ಯಲ್ಲಾಪುರದ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ. ಆ ಮಾತನ್ನು ಎಷ್ಟು ಸಲ ನೆನೆದರೂ ಅದೇ ಶಬ್ದಗಳು, ಅದೇ ಕ್ರಮ: ಅಕ್ಕಾ, ಗುಳಿಗೆ ಮಾತ್ರ ಬಿಡಡ. ಒಂದು ಅಕ್ಷರವೂ ಅಲುಗುವುದಿಲ್ಲ. ಪ್ರಯೋಗಶಾಲೆಯಲ್ಲಿ ಎಲ್ಲ ಸಲವೂ ಒಂದೇ ಅಂಕಿ ಬಂದರೆ, ಮಣಿ ಏನನ್ನೂ ಮುಟ್ಟುತ್ತಿಲ್ಲ ಎಂದು ಅರ್ಥ. ಆ ರೆಕಾರ್ಡಿದ್ದ ನನ್ನ ಹಳೆಯ ಫೋನು ಕೆಟ್ಟುಹೋಗಿತ್ತು. ಹೋದ ಭಾನುವಾರ ಬಸ್ಸು ಹತ್ತಿ ಹೋಗಿ ಭಾವನ ಫೋನು ಕೇಳಿದೆ. ಗಿರಣಿ ಮುಚ್ಚಿದಾಗಿನಿಂದ ಅದು ಕಪಾಟಿನಲ್ಲಿತ್ತು. ಅಕ್ಕ ತಂದುಕೊಟ್ಟು ಬಾಗಿಲಲ್ಲೇ ನಿಂತಳು.

ಚಾರ್ಜಿಗೆ ಹಾಕಿ, ಹುಡುಕಿ, ಒತ್ತಿದೆ. ನನ್ನದೇ ದನಿ, ನಗು ಬೇರೆ. "ಕೊಡು ಕೊಡು, ಒಳ್ಳೇದೇಯ. ಆ ಪದರ ಕಡಿದ್ರೂ ಮತ್ತೆ ಬೆಳೀತು ಅಕ್ಕಾ, ನಾಕು ದಿನ ಸಾಕು. ಆನು ಕಣ್ಣಾರೆ ನೋಡಿದ್ದಿ." ಆಮೇಲೆ ನನ್ನ ತಟ್ಟೆ, ನನ್ನ ಮಣಿ, ನನ್ನ ಗೈಡಿನ ಹೊಗಳಿಕೆ. ಮುಗಿಯಿತು. ಗುಳಿಗೆ ಎಂಬ ಶಬ್ದವೇ ಅದರಲ್ಲಿರಲಿಲ್ಲ.

"ನೀ ಹೇಳಿದ್ದು ಆನೇ ಮರ್ತಿ ಕಾಣ್ತು ಹೇಳಿ ತಿಳ್ಕಂಡಿದ್ದಿ, ತಮಾ," ಎಂದಳು ಅಕ್ಕ.

"ಇದನ್ನ ಹಾಕಿ ಕೇಳ್ಬಹುದಿತ್ತಲೇ?"

"ಇದ್ರಲ್ಲಿ ಆ ಮಾತು ಇದ್ದಿದ್ರೆ?"

ನನಗೆ ಅಳು ಬರಲಿಲ್ಲ, ನಾಚಿಕೆಯೂ ಬಂದಂತೆ ಕಾಣಲಿಲ್ಲ. ಫೋನು ಹಿಡಿದು ಜಗಲಿಗೆ ಹೋದೆ. ಭಾವ ಕುರ್ಚಿಯಲ್ಲಿದ್ದರು, ಅತ್ತೆ ಮಗನ ಬಲಗೈಯಲ್ಲಿ ರಬ್ಬರಿನ ಚೆಂಡಿಟ್ಟು ತಮ್ಮ ಎರಡೂ ಕೈಯಿಂದ ಅದನ್ನು ಮುಚ್ಚಿ ಹಿಡಿದಿದ್ದರು. ಗುಳಿಗೆ ಬಿಡಬೇಡ ಎಂದು ನಾನು ಹೇಳಿರಲೇ ಇಲ್ಲ ಎಂದು ಹೇಳಿ, ದನಿ ಜೋರು ಮಾಡಿ ಕೇಳಿಸಿದೆ. ಅತ್ತೆ ಕೊನೆಯವರೆಗೂ ಕೇಳಿದರು.

"ಇನ್ನೊಂದ್ಸಲ ಹಾಕು," ಎಂದರು.

ಹಾಕಿದೆ. ಈ ಸಲ ಅವರು ನನ್ನನ್ನಾಗಲಿ ಫೋನನ್ನಾಗಲಿ ನೋಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅಕ್ಕನನ್ನು ನೋಡುತ್ತಿದ್ದರು.