ಒಡೆಯದ ಲಕೋಟೆಯ ಹನ್ನೆರಡು ಪದ

...ಇಲ್ಲ, ನೀಲವ್ವ ಪದಗಳನ್ನು ಹೇಳಿದ್ದೇ ಮೊದಲು, ನಾನು ಲಕೋಟೆ ಹರಿದದ್ದು ಆಮೇಲೆ. ಹಾಗೆಂದೇ ನನ್ನ ನೆನಪು. ಆದರೆ ಅದನ್ನು ಬರೆದಿಟ್ಟುಕೊಂಡದ್ದು ಸಂಜೆ, ಬಸ್ಸಿನಲ್ಲಿ. ಅಷ್ಟರಲ್ಲಿ ತಲೆ ಎಲ್ಲವನ್ನೂ ಹಿಂದುಮುಂದು ಮಾಡಿರಬಹುದು. ಬೇರೆ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಇಂಥ ಕಥೆಗಳಿಗೆ ನಕ್ಕವನೇ ನಾನು.

ವಯಸ್ಸಾದವರಿಗೆ ನೆನಪಿನ ತರಬೇತಿ ಕೊಟ್ಟರೆ ಉಪಯೋಗವಾದೀತೇ ಎಂದು ನೋಡುವ ಪ್ರಯೋಗ ಅದು. ಕೆಲವು ವರ್ಷಗಳ ಹಿಂದೆ, ಹಾನಗಲ್ ಕಡೆಯ ಹಳ್ಳಿಗಳಲ್ಲಿ. ಅರ್ಧ ಜನಕ್ಕೆ ತರಬೇತಿ, ಉಳಿದವರಿಗೆ ಬರೀ ಪರೀಕ್ಷೆ. ಕಾಗದದ ಮೇಲೆ ಸುಲಭ. ಊರಿನಲ್ಲಿ ಒಬ್ಬರು ಕನ್ನಡಕ ಮರೆತು ಬರುತ್ತಿದ್ದರು, ಇನ್ನೊಬ್ಬರಿಗೆ ಕಿವಿ ಕೇಳುತ್ತಿರಲಿಲ್ಲ. ತರಬೇತಿ ಪಡೆದವರು ಸಂಜೆ ಕಟ್ಟೆಯ ಮೇಲೆ ಕುಳಿತು ಪಡೆಯದವರಿಗೂ ಎಲ್ಲ ಕಲಿಸಿಬಿಡುತ್ತಿದ್ದರು. ಸೊಸೆಯಂದಿರು ಬಾಗಿಲ ಹಿಂದಿನಿಂದ ಉತ್ತರ ಪಿಸುಗುಡುತ್ತಿದ್ದರು. ಗೋವಿನಜೋಳ ಮುರಿಯುವ ಕಾಲ ಬಂದರೆ ಯಾರೂ ಸಿಗುತ್ತಿರಲಿಲ್ಲ. ನನಗೆ ಸಾಕುಸಾಕಾಗಿತ್ತು.

ಆಡೂರಿನ ನೀಲವ್ವ ತರಬೇತಿಯಿಲ್ಲದ ಗುಂಪಿನವಳು. ಮೊದಲ ಪರೀಕ್ಷೆಯಲ್ಲಿ ನಾನು ಓದಿದ ಹನ್ನೆರಡು ಪದಗಳಲ್ಲಿ ಮೂರನ್ನಷ್ಟೇ ನೆನಪಿನಿಂದ ಹೇಳಿದ್ದಳು. ಎರಡು ಸಲ ಯಾವುದೋ ಊರಲ್ಲಿ ಬಸ್ಸಿಳಿದು ಗಾಬರಿಯಾದ ಮೇಲೆ ಮಗ ಆಕೆಯನ್ನು ಒಬ್ಬಳೇ ಹೊರಗೆ ಬಿಡುತ್ತಿರಲಿಲ್ಲ. ಕೊನೆಯ ಪರೀಕ್ಷೆಯಲ್ಲಿ ಚೆನ್ನಾಗಿ ಹೇಳಿದರೆ ಅಕ್ಕಿಆಲೂರಿನ ತಂಗಿಯ ಮನೆಗೆ ಒಬ್ಬಳನ್ನೇ ಕಳಿಸಬೇಕೆಂದು ಅವನನ್ನು ಒಪ್ಪಿಸಿದ್ದಳು.

ಕೊನೆಯ ಪರೀಕ್ಷೆಯ ಮಧ್ಯಾಹ್ನ ಪಡಸಾಲೆಯಲ್ಲಿ ಸೊಸೆ ತೆನೆ ಸುಲಿಯುತ್ತಿದ್ದಳು. “ಒಲಿ ಮ್ಯಾಲ ಹಾಲಿಟ್ಟು ಮರೀತಾರ, ಪರೀಕ್ಷಾ ಅಂದ್ರ ಮುಂದ ಬಂದು ಕುಂದರ್ತಾರ ನೋಡ್ರಿ ನಮ್ಮತ್ತಿ,” ಎಂದು ನಕ್ಕಳು.

“ನೀ ಸುಮ್ಕ ತೆನಿ ಸುಲಿ,” ಎಂದ ನೀಲವ್ವ ನನ್ನತ್ತ ತಿರುಗಿದಳು. “ಹೇಳ್ಲೇನ್ರಿ ಸರ್ರ?”

“ನಾ ಇನ್ನೂ ಓದೇ ಇಲ್ಲಲ್ಲ, ಯವ್ವಾ.”

“ಮುಂಜಾನಿ ಇಲ್ಲೇ ಕುಂತು ಓದಿದ್ರಲ್ಲರಿ!”

ಬೆಳಿಗ್ಗೆ ನಾನು ಹಾನಗಲ್ಲಿನಲ್ಲಿದ್ದೆ. ಆಕೆ ಕಣ್ಣು ಮುಚ್ಚಿ ಶುರುಮಾಡಿದಳು: ಕುಡಗೋಲು, ಸಕ್ಕರಿ, ಕಿಡಕಿ, ನವಿಲು... ಹನ್ನೆರಡು. ಕಚೇರಿಯವರು ಲಕೋಟೆಯಲ್ಲಿಟ್ಟು ಅಂಟಿಸಿ ಕಳಿಸಿದ್ದ ಆ ದಿನದ ಪಟ್ಟಿಯನ್ನು ನಾನೂ ನೋಡಿರಲಿಲ್ಲ. ಲಕೋಟೆ ಹರಿದೆ. ಅವೇ ಪದ, ಅದೇ ಕ್ರಮ.

ನಿಯಮದಂತೆ, ಉತ್ತರ ಶುರುವಾದಾಗ ಮೊಬೈಲಿನಲ್ಲಿ ರೆಕಾರ್ಡ್ ಒತ್ತಿದ್ದೆ. ಆಕೆಯ ಮಾತು ಮುಗಿದ ಮೇಲೆ ಅದರಲ್ಲಿ ಏನೋ ಹರಿದ ಸದ್ದಿದೆ. ಲಕೋಟೆಯದೋ, ತೆನೆಯ ಸಿಪ್ಪೆಯದೋ, ಎಷ್ಟು ಸಲ ಕೇಳಿದರೂ ಹೇಳಲಾರೆ.

ಪಟ್ಟಿ ಮೊದಲೇ ಗೊತ್ತಿದ್ದವರ ಹೆಸರನ್ನು ಪ್ರಯೋಗದಿಂದ ತೆಗೆಯಬೇಕು ಎಂಬುದೂ ನಿಯಮ. ತೆಗೆದೆ.

ಮರುವಾರ ಮಗ ಕೇಳಿದ: “ಹನ್ನೆರಡಕ್ಕ ಹನ್ನೆರಡೂ ಹೇಳ್ಯಾಳಂತ, ಹೆಸರ್ಯಾಕ ಹೊಡದ್ರಿ? ನಮ್ಮವ್ವ ಕಾಪಿ ಮಾಡ್ಯಾಳೇನ್ರಿ?”

ನೀಲವ್ವ ತಂಗಿಯ ಊರಿಗೆಂದು ಕೈಚೀಲ ಹಿಡಿದು ಅವನ ಹಿಂದೆಯೇ ನಿಂತಿದ್ದಳು. ನಾನು ನಿಯಮದ ಮಾತನ್ನಷ್ಟೇ ಆಡಿದೆ. ಆ ಪದಗಳನ್ನು ಆಕೆಗೆ ಯಾರು ಓದಿ ಹೇಳಿದರೆಂಬುದು ಆಗ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ.